ಮೋಡದ ದಿನವೇ ಚಿತ್ರದ ದಿನ

ಬಯಲಲ್ಲಿ ಕೂತು ಚಿತ್ರ ಬರೆಯುವವರಿಗೆ ಮಳೆ, ಗಾಳಿ, ಓಡುವ ಬೆಳಕು ಅಡ್ಡಿಯಲ್ಲ. ಅವೇ ಚಿತ್ರದ ವಸ್ತು. ಅದಕ್ಕೆ ಬೇಕಾದ ಮನಸ್ಸು ಮನೆಯಿಂದ ಹೊರಡುವ ಮೊದಲೇ ಸಿದ್ಧವಾಗಬೇಕು.

ನಮ್ಮ ರಾಜ್ಯದಲ್ಲಿ ಬಯಲಿಗೆ ಹೋಗಿ ಚಿತ್ರ ಬರೆಯುವವರ ಋತು ಸಾಮಾನ್ಯವಾಗಿ ದೀಪಾವಳಿ ಕಳೆದ ಮೇಲೆ ಶುರುವಾಗಿ ಯುಗಾದಿಯ ಹೊತ್ತಿಗೆ ಮುಗಿಯುತ್ತದೆ. ಹಂಪಿಯ ಬಂಡೆಗಳ ಮೇಲೆ, ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ, ಶ್ರೀರಂಗಪಟ್ಟಣದ ಹೊಳೆಯ ಮೆಟ್ಟಿಲುಗಳ ಮೇಲೆ ಕಲಾಶಾಲೆಯ ಹುಡುಗ ಹುಡುಗಿಯರು ರಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವುದನ್ನು ಆ ತಿಂಗಳುಗಳಲ್ಲೇ ಕಾಣುತ್ತೇವೆ. ಆಗ ಆಕಾಶ ತಿಳಿಯಾಗಿರುತ್ತದೆ, ನೆರಳು ಗಟ್ಟಿಯಾಗಿ ಬೀಳುತ್ತದೆ, ಕಾಗದ ಹೇಳಿದ ಹಾಗೆ ಒಣಗುತ್ತದೆ. ಮುಂಗಾರಿನ ಮೊದಲ ಗುಡುಗು ಕೇಳಿದ್ದೇ ತಡ, ಬಣ್ಣದ ಡಬ್ಬಿ ಅಟ್ಟ ಸೇರುತ್ತದೆ.

ಹಾಗೆ ಅಟ್ಟಕ್ಕೇರಿಸುವಾಗ ನಾವು ನಾಡಿನ ಅರ್ಧ ಬಣ್ಣವನ್ನೇ ಬಿಟ್ಟುಕೊಡುತ್ತೇವೆ. ಸಸಿಮಡಿಯ ಎಳೆ ಹಸಿರು, ನೆನೆದು ಕಪ್ಪಾದ ಅಡಕೆ ಮರದ ಕಾಂಡ, ಮಳೆ ಬಿದ್ದೊಡನೆ ಗಾಢವಾಗುವ ಹಂಚಿನ ಮಾಡು, ಒಂದರ ಹಿಂದೊಂದು ತೆಳುವಾಗುತ್ತ ಮಂಜಿನಲ್ಲಿ ಮುಗಿದುಹೋಗುವ ಘಟ್ಟದ ಸಾಲು, ಇವು ಬೇಸಿಗೆಯಲ್ಲಿ ಸಿಗುವುದಿಲ್ಲ. ಬಯಲುಸೀಮೆಯಲ್ಲೂ ಅಷ್ಟೇ. ಎರಡು ಮಳೆಗೆ ಎರೆಭೂಮಿ ತಳೆಯುವ ಆ ಆಳವಾದ ಕಪ್ಪು, ಅದರ ಮೇಲೆ ತೂಗುವ ಬೂದು ಮೋಡ, ನಡುವೆ ಒಂದು ಗೆರೆಯಷ್ಟು ಬೆಳಕು ಜನವರಿಯ ಹಂಪಿಯಲ್ಲಿ ಕಾಣುವುದಿಲ್ಲ.

ಹವೆ ನಂಬಿಕೆಗೆ ಅರ್ಹವಲ್ಲ ಎಂಬುದು ನಿಜ. ಹತ್ತು ನಿಮಿಷಕ್ಕೆ ಬಿಸಿಲು, ಹನ್ನೊಂದನೆಯ ನಿಮಿಷಕ್ಕೆ ಜಡಿ. ಇದಕ್ಕೆ ಪರಿಹಾರ ಕೇಳಿದರೆ ಹಿರಿಯರು "ತಾಳ್ಮೆ ಇರಬೇಕು, ಮನಸ್ಸು ಸರಿಯಾಗಿರಬೇಕು" ಎನ್ನುತ್ತಾರೆ. ಮಾತು ಸರಿ, ಆದರೆ ತೋಯುತ್ತ ಕೂತವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಬಯಲಿನ ಕೆಲಸದಲ್ಲಿ ಮನೋಭಾವ ಎಂಬುದು ಹೊರಡುವ ಮೊದಲೇ ಮಾಡಿಟ್ಟ ಕೆಲವು ತೀರ್ಮಾನಗಳ ಮೊತ್ತ ಎಂದು ನಾನು ನಂಬಿದ್ದೇನೆ. ಎಷ್ಟು ದೊಡ್ಡ ಚಿತ್ರ, ಯಾವುದು ಮೊದಲು, ಬೆಳಕು ಬದಲಾದರೆ ಏನು ಮಾಡುವುದು, ಯಾವಾಗ ಎದ್ದು ಹೋಗುವುದು. ಇಷ್ಟನ್ನು ಮುಂಚೆಯೇ ನಿರ್ಧರಿಸಿಕೊಂಡವರಿಗೆ ಮಳೆಯ ನಡುವೆ ಮನಸ್ಸು ತಾನಾಗಿ ಶಾಂತವಾಗಿರುತ್ತದೆ. ನಿರ್ಧರಿಸದವರು ಎಷ್ಟೇ ತಾಳ್ಮೆವಂತರಾದರೂ ತಬ್ಬಿಬ್ಬಾಗುತ್ತಾರೆ.

ಚಿಕ್ಕ ಕಾಗದ, ಹಗುರ ಚೀಲ

ಮೊದಲ ತೀರ್ಮಾನ ಅಳತೆಯದು. ಮಳೆಗಾಲಕ್ಕೆ ಅಂಚೆ ಕಾರ್ಡಿನಷ್ಟು, ಹೆಚ್ಚೆಂದರೆ ಅದರ ಎರಡರಷ್ಟು ಕಾಗದ ಸಾಕು. ಉದ್ದ, ಅಗಲ ಎರಡನ್ನೂ ಅರ್ಧಕ್ಕಿಳಿಸಿದರೆ ಬಣ್ಣ ತುಂಬಬೇಕಾದ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ. ಎರಡು ಮಳೆಗಳ ನಡುವೆ ಸಿಗುವ ಬಿಡುವಿನಲ್ಲಿ ಮುಗಿಯುವ ಅಳತೆ ಅದೊಂದೇ.

ಚಿಕ್ಕದನ್ನು ಬರೆಯುವುದು ಚಿಕ್ಕ ಕೆಲಸವೇನಲ್ಲ. ಕೆನಡಾದ ಟಾಮ್ ಥಾಮ್ಸನ್ 1912ರಿಂದ 1917ರವರೆಗೆ ಆಲ್ಗಾನ್‌ಕ್ವಿನ್ ಅರಣ್ಯದಲ್ಲಿ ದೋಣಿ ಹಾಕಿಕೊಂಡು ಅಲೆದ. ಅವನ ಬಳಿ ಇದ್ದದ್ದು ಸುಮಾರು 21 ಸೆಂಟಿಮೀಟರ್ ಎತ್ತರ, 26 ಸೆಂಟಿಮೀಟರ್ ಅಗಲದ ಮರದ ಹಲಗೆಗಳು ಮತ್ತು ಅವನ್ನು ಹಸಿಯಾಗಿಯೇ ಒಳಗಿಟ್ಟು ಒಯ್ಯಬಹುದಾದ ಪೆಟ್ಟಿಗೆ. ಒಡೆಯುತ್ತಿರುವ ಹಿಮ, ಗುಡುಗಿನ ಮೋಡ, ರಾತ್ರಿಯ ಧ್ರುವಪ್ರಭೆ ಎಲ್ಲವನ್ನೂ ಆ ಹಲಗೆಗಳ ಮೇಲೆ ಹಿಡಿದ. ಕೆನಡಾದ ಮನೆಮನೆಗೂ ಗೊತ್ತಿರುವ 'ದಿ ಜ್ಯಾಕ್ ಪೈನ್' ಎಂಬ ದೊಡ್ಡ ಚಿತ್ರ ಅಂಥದೊಂದು ಪುಟ್ಟ ಹಲಗೆಯಿಂದಲೇ ಬೆಳೆದದ್ದು. ಬಯಲಿನಲ್ಲಿ ಅನುಭವ ಹಿಡಿಯುವುದು, ಮನೆಗೆ ಬಂದು ಅದನ್ನು ಹಿಗ್ಗಿಸುವುದು ಅವನ ಕ್ರಮವಾಗಿತ್ತು.

ಹಗುರ ಚೀಲದ ಅನುಕೂಲವೂ ಚಿತ್ರಕಲೆಯ ಇತಿಹಾಸದಲ್ಲಿ ತೀರ ಹಳೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಯುರೋಪಿನ ಕಲಾವಿದರು ಅರೆದ ತೈಲವರ್ಣವನ್ನು ಹಂದಿಯ ಮೂತ್ರಕೋಶದ ಪುಟ್ಟ ಚೀಲಗಳಲ್ಲಿ ಕಟ್ಟಿಡುತ್ತಿದ್ದರು. ಚುಚ್ಚಿ ಹಿಂಡಿದ ಮೇಲೆ ಅದನ್ನು ಮತ್ತೆ ಮುಚ್ಚುವುದೇ ಪಾಡು. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ರ್‍ಯಾಂಡ್ ಹಿಂಡಿ ಮುಚ್ಚಿಡಬಹುದಾದ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ತೈಲವರ್ಣ ಸಲೀಸಾಗಿ ಬಯಲಿಗೆ ಬಂದದ್ದು ಆ ಟ್ಯೂಬಿನಿಂದ.

ಗಾಳಿಗೂ ಮೊದಲೇ ಉತ್ತರ ಬೇಕು. ದಕ್ಷಿಣ ಫ್ರಾನ್ಸಿನ ಆರ್ಲ್ ಊರಿನಲ್ಲಿ ಮಿಸ್ತ್ರಾಲ್ ಎಂಬ ಗಾಳಿ ದಿನಗಟ್ಟಲೆ ಬೀಸುತ್ತದೆ. ವ್ಯಾನ್ ಗೋ ಅಲ್ಲಿದ್ದಾಗ ಈಸೆಲ್‌ನ ಕಾಲುಗಳನ್ನು ನೆಲಕ್ಕೆ ಊರಿ, ಪಕ್ಕದಲ್ಲಿ 50 ಸೆಂಟಿಮೀಟರ್ ಉದ್ದದ ಕಬ್ಬಿಣದ ಗೂಟ ಬಡಿದು, ಎರಡನ್ನೂ ಹಗ್ಗದಿಂದ ಬಿಗಿಯುವ ವಿಧಾನವನ್ನು ಪತ್ರದಲ್ಲಿ ವಿವರಿಸಿದ್ದಾನೆ. ಚಿತ್ರದ ಸುಳಿಸುಳಿ ಗೆರೆಗಳನ್ನು ನೋಡಿ ಅವನನ್ನು ಬರೀ ಉನ್ಮಾದದ ಕಲಾವಿದ ಎಂದುಕೊಳ್ಳುವವರು ಆ ಗೂಟವನ್ನೂ ನೆನಪಿಡಬೇಕು. ನಮ್ಮಲ್ಲಿ ಗೂಟದ ಬದಲು ಸ್ಟ್ಯಾಂಡಿನ ನಡುವೆ ಕಲ್ಲು ತುಂಬಿದ ಕೈಚೀಲ ನೇತುಹಾಕಿದರೂ ನಡೆಯುತ್ತದೆ.

ಓಡುವುದನ್ನು ಮೊದಲು ಹಿಡಿಯಿರಿ

ಎರಡನೆಯ ತೀರ್ಮಾನ ಕ್ರಮದ್ದು. ಎದುರಿನ ದೃಶ್ಯದಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ಗದ್ದೆಯ ಮೇಲೆ ಹಾದುಹೋಗುವ ಮೋಡದ ನೆರಳಿಗೆ ಕೆಲವೇ ಕ್ಷಣದ ಆಯುಸ್ಸು. ಒದ್ದೆ ರಸ್ತೆಯ ಹೊಳಪಿಗೆ ಹತ್ತು ನಿಮಿಷ. ಮರದ ನೆರಳು ಅರ್ಧ ಗಂಟೆಯಲ್ಲಿ ಜಾಗ ಬಿಡುತ್ತದೆ, ಏಕೆಂದರೆ ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಗುಡ್ಡ, ಮನೆ, ದೇವಸ್ಥಾನದ ಗೋಪುರ ಮಾತ್ರ ನಾಳೆಯೂ ಅಲ್ಲೇ ಇರುತ್ತವೆ. ಆದರೂ ಬಹುಪಾಲು ಜನ ಗೋಪುರದ ಕಂಬ ಎಣಿಸುವುದರಿಂದಲೇ ಶುರು ಮಾಡುತ್ತಾರೆ. ಆಕಾಶಕ್ಕೆ ಕೈ ಹಾಕುವ ಹೊತ್ತಿಗೆ ನೋಡಿ ಮೆಚ್ಚಿದ ಆಕಾಶ ಹೊರಟುಹೋಗಿರುತ್ತದೆ.

ಆದ್ದರಿಂದ ಬಣ್ಣ ತೆಗೆಯುವ ಮೊದಲು ಎರಡು ನಿಮಿಷ ಪೆನ್ಸಿಲ್ ಹಿಡಿಯಬೇಕು. ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಬೆಳಕು, ನಡು, ಕತ್ತಲು ಎಂಬ ಮೂರೇ ಟೋನ್‌ಗಳಲ್ಲಿ ದೃಶ್ಯವನ್ನು ಹಂಚಬೇಕು. ಬೆಳಕು ಎಲ್ಲಿ ಬಿದ್ದಿದೆ ಎಂಬುದು ಆ ಚೌಕದಲ್ಲಿ ನಿಂತುಬಿಟ್ಟಿತೆಂದರೆ ಆಮೇಲೆ ಸೂರ್ಯ ಎಲ್ಲಿಗಾದರೂ ಹೋಗಲಿ, ಚಿತ್ರ ದಾರಿ ತಪ್ಪುವುದಿಲ್ಲ.

ನಮ್ಮ ಅಕ್ಷಾಂಶದಲ್ಲಿ ಈ ಅವಸರ ಇನ್ನೂ ಹೆಚ್ಚು. ಸೂರ್ಯ ಇಲ್ಲಿ ದಿಗಂತದಿಂದ ಹೆಚ್ಚು ಕಡಿಮೆ ನೇರವಾಗಿ ಮೇಲೇಳುತ್ತಾನೆ, ನೇರವಾಗಿ ಮುಳುಗುತ್ತಾನೆ. ಉತ್ತರ ಯುರೋಪಿನ ಬೇಸಿಗೆಯಲ್ಲಿ ಗಂಟೆಗಟ್ಟಲೆ ಉಳಿಯುವ ಸಂಜೆಬೆಳಕು ಇಲ್ಲಿ ನೋಡನೋಡುತ್ತಿದ್ದಂತೆ ಮುಗಿಯುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ನಡುವೆ ಒಮ್ಮೆ ನಡುಹಗಲಲ್ಲಿ ನೆಟ್ಟ ಕೋಲಿಗೆ ನೆರಳೇ ಬೀಳದ ದಿನ ಬರುತ್ತದೆ. ಅಂಥ ನೆತ್ತಿಯ ಬಿಸಿಲಲ್ಲಿ ಗೋಡೆ, ಮರ, ಮುಖ ಎಲ್ಲ ಚಪ್ಪಟೆಯಾಗಿ ಕಾಣುತ್ತವೆ.

ಇಲ್ಲಿಯೇ ಮೋಡದ ದಿನದ ದೊಡ್ಡ ಉಪಕಾರವನ್ನು ಹೇಳಬೇಕು. ಮೋಡ ಸಮನಾಗಿ ಕವಿದಿದ್ದರೆ ಬೆಳಕು ಇಡೀ ಆಕಾಶದಿಂದ ಹರಡಿ ಬರುತ್ತದೆ. ನೆರಳು ಓಡುವ ತೊಂದರೆಯೇ ಇಲ್ಲ. ಒಂದು ಗಂಟೆಯ ಹಿಂದೆ ಕಂಡ ಬಣ್ಣ ಈಗಲೂ ಸುಮಾರಾಗಿ ಹಾಗೇ ಇರುತ್ತದೆ. ಕಣ್ಣು ಕುಕ್ಕುವ ಬಿಸಿಲಿಲ್ಲದ್ದರಿಂದ ಹಸಿರಿನ ಒಳಗಿನ ಹಸಿರುಗಳು ಕಾಣುತ್ತವೆ. ಬಿಸಿಲು ಬಿದ್ದ ಬಿಳಿ ಕಾಗದದ ಮೇಲೆ ಬರೆದ ಚಿತ್ರ ಮನೆಯೊಳಗೆ ತಂದಾಗ ಮಂಕಾಗಿ, ಕಪ್ಪಾಗಿ ತೋರುವುದು ಬಯಲಿಗೆ ಹೋದವರಿಗೆಲ್ಲ ಗೊತ್ತು; ಮೋಡದ ದಿನ ಆ ಮೋಸವೂ ಕಡಿಮೆ. ಹೊಸಬರಿಗೆ ಕಲಿಸಲು ಡಿಸೆಂಬರಿನ ಬಿಸಿಲಿಗಿಂತ ಜುಲೈನ ಮೋಡವೇ ಒಳ್ಳೆಯ ಮೇಷ್ಟ್ರು.

ಬೆಳಕಿನ ಬೆನ್ನು ಹತ್ತಬೇಡಿ

ಅರ್ಧ ಚಿತ್ರ ಆಗಿದೆ. ಮೋಡ ಸರಿದು ಬಿಸಿಲು ಬಂತು. ದೃಶ್ಯ ಮೊದಲಿಗಿಂತ ಚೆಂದ ಕಾಣುತ್ತಿದೆ. ಕೈ ತಾನಾಗಿ ಹೊಸ ಬೆಳಕನ್ನು ಹಳೆಯ ಚಿತ್ರದೊಳಗೆ ಸೇರಿಸಲು ಹೋಗುತ್ತದೆ. ಹತ್ತು ನಿಮಿಷಕ್ಕೆ ಮತ್ತೆ ಮೋಡ. ಕೊನೆಗೆ ಎಡಗಡೆಯ ಮರದ ನೆರಳು ಒಂದು ಕಡೆಗೆ, ಬಲಗಡೆಯ ಮನೆಯ ನೆರಳು ಇನ್ನೊಂದು ಕಡೆಗೆ ಬಿದ್ದು ಚಿತ್ರ ಯಾವ ಹೊತ್ತಿನದೂ ಆಗದೆ ಉಳಿಯುತ್ತದೆ. ಬಯಲಿನಲ್ಲಿ ಹಾಳಾಗುವ ಚಿತ್ರಗಳಲ್ಲಿ ಮಳೆಗೆ ಸಿಕ್ಕಿ ಹಾಳಾದವು ಕಡಿಮೆ, ಈ ಆಸೆಗೆ ಸಿಕ್ಕಿ ಹಾಳಾದವೇ ಹೆಚ್ಚು.

ಮೂರನೆಯ ತೀರ್ಮಾನ ಇದರ ಬಗ್ಗೆ. ದಾರಿ ಮೂರಿವೆ. ಒಂದು, ಮೊದಲು ಹಿಡಿದ ಬೆಳಕನ್ನೇ ನೆನಪಿನಿಂದ ಮುಗಿಸುವುದು. ಎರಡು, ಆ ಕಾಗದ ಬದಿಗಿಟ್ಟು ಹೊಸ ಬೆಳಕಿಗೆ ಹೊಸ ಕಾಗದ ತೆಗೆಯುವುದು. ಮೂರು, ಕಾಯುವುದು, ಇವತ್ತು ಬಾರದಿದ್ದರೆ ನಾಳೆ ಅದೇ ಹೊತ್ತಿಗೆ ಬರುವುದು. ಮೂರರಲ್ಲಿ ಯಾವುದಾದರೂ ಸರಿ, ಒಂದೇ ಕಾಗದದಲ್ಲಿ ಎರಡು ಹೊತ್ತನ್ನು ಬೆರೆಸಬಾರದು.

ಎರಡನೆಯ ದಾರಿಯನ್ನು ಕ್ಲೋದ್ ಮೊನೆಯಷ್ಟು ದೂರ ಕೊಂಡೊಯ್ದವರಿಲ್ಲ. 1892 ಮತ್ತು 1893ರಲ್ಲಿ ಅವನು ರೂವಾನ್ ಊರಿನ ಚರ್ಚಿನ ಎದುರು ಕೋಣೆ ಹಿಡಿದು, ಒಂದೇ ಕಲ್ಲಿನ ಮುಖವನ್ನು ಬೆಳಗು, ಮಂಜು, ಬಿಸಿಲು, ಸಂಜೆ ಎಂದು ಮೂವತ್ತಕ್ಕೂ ಹೆಚ್ಚು ಕ್ಯಾನ್ವಾಸ್‌ಗಳಲ್ಲಿ ಬರೆದ. ಬೆಳಕು ಬದಲಾದರೆ ಈಸೆಲ್ ಮೇಲಿನ ಕ್ಯಾನ್ವಾಸನ್ನೂ ಬದಲಿಸುತ್ತಿದ್ದ. 1899ರಿಂದ 1901ರ ನಡುವೆ ಲಂಡನ್ನಿನ ಥೇಮ್ಸ್ ನದಿಯ ಮಂಜನ್ನು ಬರೆಯಲು ಹೋದಾಗಲೂ ಹಾಗೆಯೇ ಹತ್ತಾರು ಕ್ಯಾನ್ವಾಸ್‌ಗಳನ್ನು ಒಟ್ಟಿಗೇ ನಡೆಸಿದ. ಊರಿನವರು ಬೈಯುತ್ತಿದ್ದ ಮಂಜನ್ನು ಹುಡುಕಿಕೊಂಡೇ ಅವನು ಚಳಿಗಾಲದಲ್ಲಿ ಅಲ್ಲಿಗೆ ಹೋಗುತ್ತಿದ್ದದ್ದು.

ಕಾಯುವ ದಾರಿಗೆ ಜಾನ್ ಸಿಂಗರ್ ಸಾರ್ಜೆಂಟ್ ಸಾಕ್ಷಿ. ಇಂಗ್ಲೆಂಡಿನ ಬ್ರಾಡ್‌ವೇ ಎಂಬ ಹಳ್ಳಿಯ ತೋಟದಲ್ಲಿ ಇಬ್ಬರು ಹುಡುಗಿಯರು ಮುಸ್ಸಂಜೆ ಕಾಗದದ ದೀಪ ಹಚ್ಚುವ ಚಿತ್ರವನ್ನು ಅವನು 1885ರ ಶರತ್ಕಾಲದಲ್ಲಿ ಶುರು ಮಾಡಿದ. ಹಗಲಿನ ಕೊನೆಯ ನೀಲಿಯೂ ದೀಪದ ಹಳದಿಯೂ ಸಮನಾಗುವ ಗಳಿಗೆ ದಿನಕ್ಕೆ ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಮಾತ್ರ ಬರೆದು ನಿಲ್ಲಿಸುತ್ತಿದ್ದ. ಹೂಗಳು ಬಾಡಿದಾಗ ಕೃತಕ ಹೂಗಳನ್ನು ಕಟ್ಟಿದರು. ಚಳಿ ಬಂದು ಕೆಲಸ ನಿಂತಿತು. ಮರುವರ್ಷ ಮತ್ತೆ ಅದೇ ಹಳ್ಳಿಗೆ ಬಂದು ಮುಗಿಸಿದ. ಲಂಡನ್ನಿನ ಟೇಟ್ ಗ್ಯಾಲರಿಯಲ್ಲಿರುವ ಆ ದೊಡ್ಡ ಚಿತ್ರ ಹುಟ್ಟಿದ್ದು ಹೀಗೆ ಕೂಡಿಟ್ಟ ನಿಮಿಷಗಳಿಂದ.

ಜಗುಲಿಯ ಮೇಲೆ ಒಂದು ಮಳೆ

ತೀರ್ಥಹಳ್ಳಿ ಕಡೆಯ ಒಂದು ಮನೆಯ ಜಗುಲಿಯಲ್ಲಿ ಕೂತು ಎದುರಿನ ಗದ್ದೆ ಬಯಲನ್ನು ಬರೆಯುತ್ತಿದ್ದೆ. ಮನೆಯ ಯಜಮಾನರು ಕಂಬಕ್ಕೆ ಒರಗಿ ಆಕಾಶ ನೋಡುತ್ತಿದ್ದವರು, "ಗುಡ್ಡದ ತಲೆ ಕಾಣ್ತಾ ಇಲ್ಲ ನೋಡಿ, ಇನ್ನು ಗದ್ದೆ ದಾಟಿ ಬರ್ತದೆ ಮಾರಾಯ್ರೆ, ಚೂರು ಒಳಗೆ ಸರ್ಕೊಳ್ಳಿ" ಎಂದರು. ಫೋನಿನಲ್ಲಿದ್ದ ಹವಾಮಾನದ ಆ್ಯಪ್ ಅದೇ ಹೊತ್ತಿಗೆ ಬಿಸಿಲಿನ ಗುರುತು ತೋರಿಸುತ್ತಿತ್ತು. ಮಳೆ ಅವರು ಹೇಳಿದ ದಾರಿಯಲ್ಲೇ ಬಂತು. ಆ್ಯಪ್ ಇಡೀ ತಾಲ್ಲೂಕಿನ ಲೆಕ್ಕ ಹೇಳುತ್ತದೆ, ಆ ಬಯಲಿನ ಲೆಕ್ಕ ಗದ್ದೆ ಮಾಡುವವರಿಗೆ ಗೊತ್ತಿರುತ್ತದೆ. ಎಲ್ಲಿಗೇ ಹೋದರೂ ಚೀಲ ಬಿಚ್ಚುವ ಮುನ್ನ ಊರಿನವರಲ್ಲಿ ಒಂದು ಮಾತು ಕೇಳುವುದು ಒಳ್ಳೆಯದು.

ಮುಂದೆ ನಡೆದದ್ದೆಲ್ಲ ಕಾಗದದ ಮೇಲಿನ ಕೆಲಸ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾದ ಕಂದು ಸೇರಿಸಿದರೆ ಮುಂಗಾರಿನ ಮೋಡದ ಬೂದು ಸಿಗುತ್ತದೆ. ನೀಲಿ ಹೆಚ್ಚಾದರೆ ದೂರದ ಮೋಡ, ಕಂದು ಹೆಚ್ಚಾದರೆ ತಲೆಯ ಮೇಲಿನ ಮೋಡ. ಕಾಗದದ ಮೇಲ್ಭಾಗ ಒದ್ದೆ ಮಾಡಿ ಆ ಬೂದನ್ನು ಬಿಟ್ಟು, ರಟ್ಟನ್ನು ನನ್ನ ಕಡೆಗೆ ತುಸು ವಾಲಿಸಿದೆ. ಬಣ್ಣ ತಾನಾಗಿ ಕೆಳಗಿಳಿಯತೊಡಗಿತು. ಒಣ ಹವೆಯಲ್ಲಾದರೆ ಅದು ಅರ್ಧ ದಾರಿಯಲ್ಲೇ ಒಣಗಿ ಗೆರೆ ಕಟ್ಟುತ್ತಿತ್ತು. ಆದರೆ ಮಳೆಗಾಲದ ಗಾಳಿಯಲ್ಲಿ ಮೊದಲೇ ಇಷ್ಟು ತೇವವಿರುವಾಗ ಕಾಗದದ ನೀರು ಆರಲು ಜಾಗವೆಲ್ಲಿ? ಬಣ್ಣ ಇಳಿಯುತ್ತಲೇ ಹೋಗಿ ಗುಡ್ಡದ ನೆತ್ತಿಯನ್ನು ನುಂಗಿತು. ಎದುರಿನ ಗುಡ್ಡದ ನೆತ್ತಿಯೂ ಆಗ ಅದೇ ರೀತಿ ಮುಚ್ಚಿತ್ತು. ಬ್ರಷ್ಷನ್ನು ಹಿಂಡಿ ಒಣಗಿಸಿ, ತುದಿಯಿಂದ ಓರೆಯಾಗಿ ಎರಡು ಸಲ ಎಳೆದರೆ ಬಣ್ಣ ಎದ್ದುಬಂದು ಮಳೆಯ ಕಾಲು ಬಿತ್ತು. ಗದ್ದೆಯ ಹಸಿರಿಗೆ ಮಾತ್ರ ಕಾಯಬೇಕಾಯಿತು. ಅಷ್ಟು ಒದ್ದೆಯ ಪಕ್ಕ ಹಳದಿ ಇಟ್ಟರೆ ಮೇಲಿನ ನೀರು ನುಗ್ಗಿ ಹೂಕೋಸಿನಂಥ ಕಲೆ ಕಟ್ಟುತ್ತದೆ.

ಹೀಗೆ ಕಾಯುವ ಹೊತ್ತಿಗೆ ಎರಡನೆಯ ಕಾಗದ ಸಿದ್ಧವಿರಬೇಕು. ಒಂದು ಆರುವಾಗ ಇನ್ನೊಂದನ್ನು ಬರೆಯುವುದು ಮಲೆನಾಡಿನಲ್ಲಿ ಜಲವರ್ಣ ಹಿಡಿದವರಿಗೆ ಅನಿವಾರ್ಯ ಅಭ್ಯಾಸ. ವಿಜಯಪುರದ ಮೇ ತಿಂಗಳಲ್ಲಿ ಇದೇ ಕೆಲಸದ ಲೆಕ್ಕ ತಿರುವುಮುರುವಾಗುತ್ತದೆ. ಬ್ರಷ್ ಕಾಗದದ ತುದಿ ಮುಟ್ಟುವ ಮೊದಲೇ ಆರಂಭ ಒಣಗಿರುತ್ತದೆ. ಅಲ್ಲಿ ಕಾಗದವನ್ನು ಎರಡೂ ಬದಿ ನೆನೆಸಿಕೊಂಡು, ಚಿಕ್ಕ ಚಿಕ್ಕ ಭಾಗಗಳಲ್ಲಿ ಬೇಗ ಬೇಗ ಬರೆಯಬೇಕು.

ಹನಿ ನೇರವಾಗಿ ಚಿತ್ರದ ಮೇಲೆ ಬಿದ್ದರೆ? ಜಲವರ್ಣದ ಅಂಟು ಗೋಂದು. ಒಣಗಿದ ಮೇಲೂ ನೀರಿಗೆ ಕರಗುತ್ತದೆ. ಹಾಗಾಗಿ ಹನಿ ಬಿದ್ದಲ್ಲಿ ಬಣ್ಣ ಎದ್ದು ಬಿಳಿ ಚುಕ್ಕೆ ಉಳಿಯುತ್ತದೆ. ಅಕ್ರಿಲಿಕ್ ಒಮ್ಮೆ ಒಣಗಿದರೆ ನೀರಿಗೆ ಜಗ್ಗುವುದಿಲ್ಲ, ಆದರೆ ತೇವದ ದಿನ ಒಣಗುವುದೇ ನಿಧಾನ. ತೈಲವರ್ಣದ ಮೇಲೆ ನೀರು ನಿಲ್ಲದೆ ಜಾರುತ್ತದೆ, ಪ್ಯಾಲೆಟ್ಟಿನ ಬಣ್ಣಕ್ಕೆ ನೀರು ಬೆರೆಯದಂತೆ ನೋಡಿಕೊಂಡರೆ ತುಂತುರಿನಲ್ಲೂ ಕೆಲಸ ನಡೆಯುತ್ತದೆ. ಹವೆಯನ್ನು ಬದಲಿಸಲು ಬರುವುದಿಲ್ಲ, ಮಾಧ್ಯಮವನ್ನು ಆರಿಸಿಕೊಳ್ಳಬಹುದು.

ಕಾಗದದ ಹಿಂಬದಿಯ ಬರಹ

ನಾಲ್ಕನೆಯ ತೀರ್ಮಾನ, ಚಿತ್ರ ಮುಗಿಯಲಿ ಬಿಡಲಿ, ಅದರ ಬೆನ್ನಿಗೆ ಹವೆಯನ್ನು ಬರೆದಿಡುವುದು. ಇದನ್ನು ಪದ್ಧತಿಯಾಗಿ ಮಾಡಿದವನು ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್. ಅವನ ತಂದೆಗೆ ಹಿಟ್ಟಿನ ಗಿರಣಿಗಳಿದ್ದವು. ಹರೆಯದಲ್ಲಿ ಅಲ್ಲಿ ಕೆಲಸ ಮಾಡಿದ್ದರಿಂದ ಗಾಳಿಯ ದಿಕ್ಕು, ಮೋಡದ ಲಕ್ಷಣ ಅವನಿಗೆ ಹೊಟ್ಟೆಪಾಡಿನ ವಿದ್ಯೆಯಾಗಿಯೇ ಬಂದಿತ್ತು. 1821 ಮತ್ತು 1822ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಗುಡ್ಡದಲ್ಲಿ ಬರೀ ಆಕಾಶವನ್ನೇ ಕಾಗದದ ಮೇಲೆ ತೈಲವರ್ಣದಲ್ಲಿ ಮತ್ತೆ ಮತ್ತೆ ಬರೆದ. ಅನೇಕ ಕಾಗದಗಳ ಹಿಂದೆ ತಾರೀಖು, ಹೊತ್ತು, ಗಾಳಿಯ ದಿಕ್ಕು, ಆಮೇಲೆ ಮಳೆ ಬಂತೇ ಎಂಬ ವಿವರ ಇದೆ. ಲ್ಯೂಕ್ ಹೊವಾರ್ಡ್ ಎಂಬಾತ ಮೋಡಗಳನ್ನು ಕ್ಯುಮುಲಸ್, ಸ್ಟ್ರಾಟಸ್, ಸಿರಸ್ ಎಂದು ವಿಂಗಡಿಸಿದ ಪ್ರಬಂಧ ಹೊರಬಂದು ಆಗ ಎರಡು ದಶಕವೂ ಆಗಿರಲಿಲ್ಲ. ವಿಜ್ಞಾನಿ ಮೋಡಕ್ಕೆ ಹೆಸರಿಟ್ಟ ಕಾಲದಲ್ಲೇ ಚಿತ್ರಕಾರ ಅದಕ್ಕೆ ದಿನಚರಿ ಬರೆದ.

ಬಣ್ಣ ಹಚ್ಚುವುದೇ ಅಸಾಧ್ಯವಾದ ಕಡೆ ಈ ಬರಹವೇ ಚಿತ್ರವನ್ನು ಉಳಿಸುತ್ತದೆ. ಕ್ಯಾಪ್ಟನ್ ಸ್ಕಾಟ್‌ನ ಎರಡು ಅಂಟಾರ್ಕ್ಟಿಕ್ ಯಾತ್ರೆಗಳಲ್ಲೂ ಇದ್ದ ವೈದ್ಯ ಎಡ್ವರ್ಡ್ ವಿಲ್ಸನ್ ಒಳ್ಳೆಯ ಚಿತ್ರಕಾರ. ಹೊರಗೆ ಬ್ರಷ್ಷಿನ ನೀರು ಹೆಪ್ಪುಗಟ್ಟುವ ಚಳಿ. ಕೈಗವಸು ಬಿಚ್ಚಿ ಕೆಲವೇ ಕ್ಷಣ ಪೆನ್ಸಿಲ್ ಆಡಿಸಿ, ಯಾವ ಭಾಗ ಯಾವ ಬಣ್ಣ ಎಂದು ಗೆರೆಗಳ ನಡುವೆ ಬರೆದುಕೊಳ್ಳುತ್ತಿದ್ದ. ಗುಡಿಸಲಿಗೆ ಮರಳಿ ಆ ಬರಹ ಮತ್ತು ನೆನಪಿನಿಂದ ಜಲವರ್ಣ ಮಾಡುತ್ತಿದ್ದ. 1912ರಲ್ಲಿ ಧ್ರುವದಿಂದ ಮರಳುವ ದಾರಿಯಲ್ಲಿ ಸ್ಕಾಟ್‌ನ ಜೊತೆ ಅವನೂ ತೀರಿಕೊಂಡ. ಅಲ್ಲಿನ ಆಕಾಶದ ಬಣ್ಣಗಳನ್ನು ಆ ಕಾಲದ ಕಪ್ಪು ಬಿಳುಪು ಕ್ಯಾಮೆರಾ ಹೇಳಲಾರದು, ವಿಲ್ಸನ್ನನ ಚಿತ್ರಗಳು ಹೇಳುತ್ತವೆ.

ಈಗ ಫೋನಿನ ಕ್ಯಾಮೆರಾ ಇದೆಯಲ್ಲ ಎನ್ನಬಹುದು. ಗುಡ್ಡದ ಆಕಾರ ನೆನಪಿಡಲು ಅದು ಸಾಕು. ಆದರೆ ಮೋಡದ ಕೆಳಗಿನ ಗದ್ದೆಯನ್ನು ಫೋಟೊ ತೆಗೆದು ನೋಡಿ. ಒಂದೋ ಆಕಾಶ ಬೆಳ್ಳಗೆ ಸುಟ್ಟಿರುತ್ತದೆ, ಇಲ್ಲವೋ ಮರಗಳು ಕಪ್ಪಿಗೆ ಮುಳುಗಿರುತ್ತವೆ. ಕಣ್ಣು ಎರಡನ್ನೂ ಒಟ್ಟಿಗೆ ನೋಡಿತ್ತು. "ಗುಡ್ಡ: ನೇರಳೆ, ತುಸು ಬೂದು. ಗದ್ದೆ: ಲಿಂಬೆ ಹಳದಿಗೆ ಚೂರು ನೀಲಿ. ದಾರಿ ಆಕಾಶಕ್ಕಿಂತ ಕಪ್ಪು" ಎಂಬ ಒಂದೂವರೆ ಸಾಲಿನ ಟಿಪ್ಪಣಿ ಹತ್ತು ಫೋಟೊಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ನಮ್ಮ ನೆಲದ ಇಬ್ಬರು

ಹವೆಯೊಡನೆ ಬಾಳಿದ ಚಿತ್ರಕಾರರನ್ನು ಹುಡುಕಲು ದೂರ ಹೋಗಬೇಕಿಲ್ಲ. ಮೈಸೂರಿನ ಕೆ. ವೆಂಕಟಪ್ಪ (1886–1965) ಆಸ್ಥಾನ ಚಿತ್ರಕಾರರ ಮನೆತನದವರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದವರು. ವೀಣೆ ಶೇಷಣ್ಣನವರಲ್ಲಿ ವೀಣೆ ಅಭ್ಯಾಸ ಮಾಡಿದವರು. 1920ರ ದಶಕದಲ್ಲಿ ಅವರು ಊಟಿಯ ನಿಸರ್ಗವನ್ನು ಜಲವರ್ಣದಲ್ಲಿ ಬರೆದರು. ಕೆರೆ, ಬೆಟ್ಟ, ನೀಲಗಿರಿ ಮರಗಳು ಅಲ್ಲಿವೆ, ಆದರೆ ಆ ಚಿತ್ರಗಳ ನಿಜವಾದ ವಸ್ತು ಮಂಜು, ಬೆಳದಿಂಗಳು ಮತ್ತು ಒಡೆಯುತ್ತಿರುವ ಮುಂಗಾರು ಮೋಡ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಅಂಥ ಮೃದುವಾದ ಬೆಳಕನ್ನು ಕಾಗದಕ್ಕಿಳಿಸಬೇಕಾದರೆ ಕೈಯ ನಯವೊಂದೇ ಸಾಲದು. ಬೆಟ್ಟದೂರಿನ ಹವೆ ಹೊತ್ತುಹೊತ್ತಿಗೆ ಹೇಗೆ ಮಗ್ಗುಲು ಬದಲಿಸುತ್ತದೆ ಎಂಬುದನ್ನು ಬಹಳ ಕಾಲ ಸುಮ್ಮನೆ ನೋಡಿರಬೇಕು.

ರುಮಾಲೆ ಚೆನ್ನಬಸವಯ್ಯನವರ (1910–1988) ಸ್ವಭಾವ ಬೇರೆ. ಸ್ವಾತಂತ್ರ್ಯ ಹೋರಾಟ, ಸಾರ್ವಜನಿಕ ಜೀವನ ಎಲ್ಲವನ್ನೂ ಕಂಡು ಆಮೇಲೆ ಪೂರ್ತಿಯಾಗಿ ಬಣ್ಣಕ್ಕೆ ಒಲಿದವರು. ಅವರು ಹಚ್ಚಿಕೊಂಡದ್ದು ಬೆಂಗಳೂರಿನ ಹೂಮರಗಳನ್ನು. ಜಕರಂಡ, ಗುಲ್‌ಮೊಹರ್‌ಗಳು ಮೈತುಂಬ ಅರಳಿ ನಿಲ್ಲುವುದು ವರ್ಷಕ್ಕೆ ಕೆಲವು ವಾರ ಮಾತ್ರ. ಅದೂ ಮಧ್ಯಾಹ್ನದ ಬಿಸಿಲು ಸಂಜೆಗೆ ಗುಡುಗು ಮಳೆಯಾಗುವ ಬೇಸಿಗೆಯ ದಿನಗಳಲ್ಲಿ. ಒಂದು ಆಲಿಕಲ್ಲು ಮಳೆಗೆ ಇಡೀ ಮರ ಬರಿದಾಗಬಹುದು. ಅಂಥ ವಸ್ತುವನ್ನು ಆರಿಸಿಕೊಂಡವರು ಅನುಕೂಲದ ದಿನಕ್ಕೆ ಕಾಯಲಾರರು. ಮರ ಅರಳಿದಾಗ ಹೋಗಿ ನಿಲ್ಲಲೇಬೇಕು. ಅವರ ಕ್ಯಾನ್ವಾಸ್‌ಗಳಲ್ಲಿ ಇವತ್ತಿಗೂ ಕಾಣುವ ಆ ತುಂಬು ಸಂಭ್ರಮಕ್ಕೆ ಹಿಂದೆ ಈ ತುರ್ತೂ ಇದೆ.

ಚೀಲದಲ್ಲಿ ಏನಿರಲಿ?

ಹತ್ತಿಯ ನಾರಿನ 300 ಜಿಎಸ್‌ಎಂ ಕಾಗದವನ್ನು ಮನೆಯಲ್ಲೇ ಅಂಚೆ ಕಾರ್ಡಿನ ಅಳತೆಗೆ ಕತ್ತರಿಸಿಕೊಳ್ಳಿ. ತೆಳು ಕಾಗದ ತೇವಕ್ಕೆ ಉಬ್ಬುತ್ತದೆ. ಗಟ್ಟಿ ರಟ್ಟು, ನಾಲ್ಕು ಕ್ಲಿಪ್, ಪೇಪರ್ ಟೇಪ್. ಆರೇಳು ಬಣ್ಣದ ಮುಚ್ಚಳವಿರುವ ಪ್ಯಾಲೆಟ್, ಒಂದು ದಪ್ಪ ಬ್ರಷ್, ಒಂದು ಸಣ್ಣದು. ಹಿಂಡಿ ಒರೆಸಲು ಹಳೆಯ ಪಂಚೆಯ ತುಂಡು. ಬರೆದದ್ದನ್ನು ಮುಚ್ಚಿ ಒಯ್ಯಲು ಪ್ಲಾಸ್ಟಿಕ್ ಡಬ್ಬಿ. ಕೊಡೆ ಕಪ್ಪು, ಬೂದು ಅಥವಾ ಬಿಳಿಯದಿರಲಿ. ಕೆಂಪು, ನೀಲಿ ಕೊಡೆಯ ಬಣ್ಣ ಸೋರಿ ಕಾಗದದ ಮೇಲೆ ಬಿದ್ದು ಕಣ್ಣಿಗೆ ಮೋಸ ಮಾಡುತ್ತದೆ. ಮಲೆನಾಡಿಗೆ ಹೋಗುವುದಾದರೆ ಉಂಬಳಕ್ಕೆ ಒಂದಿಷ್ಟು ಉಪ್ಪು.

ಎದ್ದು ಹೋಗಬೇಕಾದ ಹೊತ್ತು

ಕೊನೆಯ ತೀರ್ಮಾನವೇ ಎಲ್ಲಕ್ಕಿಂತ ಮುಖ್ಯ. ಪಾಲ್ ಸೆಜಾನ್ 1906ರ ಅಕ್ಟೋಬರಿನಲ್ಲಿ ಬಯಲಲ್ಲಿ ಬರೆಯುತ್ತಿದ್ದಾಗ ಮಳೆಗೆ ಸಿಕ್ಕಿ, ನೆನೆದು ಕುಸಿದುಬಿದ್ದ. ಬಟ್ಟೆ ಒಗೆಯುವವರ ಗಾಡಿಯಲ್ಲಿ ಅವನನ್ನು ಮನೆಗೆ ತಂದರು. ವಾರ ಕಳೆಯುವುದರಲ್ಲಿ ತೀರಿಕೊಂಡ. ಅವನಿಗೆ 67 ವರ್ಷ, ಸಕ್ಕರೆ ಕಾಯಿಲೆಯೂ ಇತ್ತು. ಮೊನೆ 1885ರಲ್ಲಿ ಎತ್ರೆತಾ ಕಡಲ ತೀರದ ಬಂಡೆಯ ಕೆಳಗೆ ಬರೆಯುವುದರಲ್ಲಿ ಮುಳುಗಿದ್ದಾಗ, ಇಳಿತವೆಂದು ತಿಳಿದಿದ್ದ ಕಡಲು ಏರಿ ಬಂತು. ಅಲೆ ಅವನನ್ನು ಬಂಡೆಗೆ ಅಪ್ಪಳಿಸಿ ಎಳೆದೊಯ್ದಿತು. ಚಿತ್ರವೂ ಪ್ಯಾಲೆಟ್ಟೂ ಹೋದವು, ಜೀವ ಉಳಿಯಿತು. ಇಂಥ ಕಥೆಗಳನ್ನು ಸಾಹಸವೆಂದು ಕೊಂಡಾಡುವವರಿದ್ದಾರೆ. ನನಗೆ ಅವು ಎಚ್ಚರಿಕೆಯಾಗಿಯೇ ಕೇಳಿಸುತ್ತವೆ. ಹವೆಯನ್ನು ಪ್ರೀತಿಸುವವರು ಅದಕ್ಕೆ ಹೆದರಬೇಕಾದಲ್ಲಿ ಹೆದರಬೇಕು.

ಮಿಂಚು ಕಂಡ ಮೇಲೆ ಗುಡುಗಿನವರೆಗೆ ಎಣಿಸಿ. ಸದ್ದು ಸುಮಾರು ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಸಾಗುತ್ತದೆ. ಮೂವತ್ತಕ್ಕಿಂತ ಕಡಿಮೆ ಎಣಿಕೆಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ ಎಂದರ್ಥ. ಆಗ ಬಣ್ಣ ಒಣಗಿತೇ ಎಂದು ನೋಡುತ್ತ ಕೂರದೆ ಗಟ್ಟಿ ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಹೊರಗೆ ಬರಬಾರದು. ಒಂಟಿ ಮರದ ಕೆಳಗೆ ನಿಲ್ಲುವುದು, ಗುಡ್ಡದ ನೆತ್ತಿಯಲ್ಲಿ ಲೋಹದ ಸ್ಟ್ಯಾಂಡ್ ಊರುವುದು ಸಲ್ಲದು. ಮಳೆಗಾಲದ ಹಳ್ಳದ ನಡುವಿನ ಬಂಡೆ ಎಷ್ಟೇ ಚೆಂದದ ಜಾಗವಾದರೂ ಬೇಡ. ಮೇಲೆ ಘಟ್ಟದಲ್ಲಿ ಸುರಿದ ಮಳೆ ಕೆಳಗೆ ಬಿಸಿಲಿರುವಾಗಲೇ ಬಂದು ಮುಟ್ಟಬಹುದು. ಅರ್ಧಕ್ಕೆ ಬಿಟ್ಟ ಚಿತ್ರ ಸೋಲೇನಲ್ಲ. ಅದರ ಹಿಂದೆ ಹೊತ್ತು, ಗಾಳಿ, ಬಣ್ಣ ಬರೆದಿಟ್ಟಿದ್ದರೆ ಮುಂದಿನ ಕೆಲಸಕ್ಕೆ ಅದೇ ತಳಹದಿ.

ಎರಡು ಗುಡ್ಡ, ನಡುವೆ ಸೂರ್ಯ

ನಮ್ಮ ಯಾವುದೇ ಶಾಲೆಗೆ ಹೋಗಿ ಮಕ್ಕಳಿಗೆ ನಿಸರ್ಗದ ಚಿತ್ರ ಬರೆಯಿರಿ ಎಂದರೆ ಬರುವುದು ಒಂದೇ ಚಿತ್ರ. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಕೆಳಗೆ ಹರಿಯುವ ನದಿ, ಪಕ್ಕದಲ್ಲಿ ಒಂದು ಗುಡಿಸಲು, ಒಂದು ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಆಗುಂಬೆಯ ಮಗುವೂ ಅದನ್ನೇ ಬರೆಯುತ್ತದೆ, ರಾಯಚೂರಿನ ಮಗುವೂ ಅದನ್ನೇ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನ ಮಗುವಿನ ಚಿತ್ರದಲ್ಲಿ ಒಂದು ಹನಿ ಮಳೆ ಇರುವುದಿಲ್ಲ. ಮಗು ಅದನ್ನು ನೋಡಿ ಬರೆದದ್ದಲ್ಲ, ಇನ್ನೊಂದು ಚಿತ್ರವನ್ನು ನೋಡಿ ಬರೆದದ್ದು.

ದೊಡ್ಡವರಾದ ಮೇಲೂ ನಾವು ಬಯಲಿಗೆ ಒಯ್ಯುವುದು ಹೆಚ್ಚಾಗಿ ಆ ಎರಡು ಗುಡ್ಡಗಳನ್ನೇ. ಮನಸ್ಸಿನಲ್ಲಿ ಮೊದಲೇ ಒಂದು ತಿಳಿಯಾದ ಚಿತ್ರವಿರುತ್ತದೆ, ಅದಕ್ಕೆ ಹೊಂದದ ಹವೆಯನ್ನು ಕೆಟ್ಟ ಹವೆ ಎನ್ನುತ್ತೇವೆ. ಇಲ್ಲಿಯವರೆಗೆ ಹೇಳಿದ ತೀರ್ಮಾನಗಳೆಲ್ಲ ಆ ತಿಳಿಚಿತ್ರವನ್ನು ಮನೆಯಲ್ಲಿ ಬಿಟ್ಟು ಹೊರಡುವ ಉಪಾಯಗಳು. ಕಾಗದ ಚಿಕ್ಕದಾದರೆ ಆಸೆ ಹಗುರಾಗುತ್ತದೆ. ಓಡುವುದನ್ನು ಮೊದಲು ಹಿಡಿದರೆ ಕಣ್ಣು ಚುರುಕಾಗುತ್ತದೆ. ಒಂದು ಬೆಳಕಿಗೆ ನಿಷ್ಠರಾಗಿದ್ದರೆ ನೋಟ ಗಟ್ಟಿಯಾಗುತ್ತದೆ.

ಡ್ರಾಯಿಂಗ್ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. ಈ ಮಳೆಗಾಲದಲ್ಲಿ ಒಂದು ದಿನ, ಮೋಡ ಕವಿದು ಗುಡುಗಿಲ್ಲದ ಹೊತ್ತು ನೋಡಿ, ಮಕ್ಕಳನ್ನು ತರಗತಿಯಿಂದ ಶಾಲೆಯ ಜಗುಲಿಗೆ ಕರೆತನ್ನಿ. ಒಬ್ಬೊಬ್ಬರಿಗೂ ಅಂಗೈ ಅಗಲದ ಕಾಗದ ಕೊಡಿ. ಎದುರಿಗೆ ಕಾಣುವ ಆಕಾಶ ಯಾವ ಬಣ್ಣ, ನೆಲ ಅದಕ್ಕಿಂತ ಕಪ್ಪೋ ಬಿಳುಪೋ ಎಂದಷ್ಟೇ ಕೇಳಿ, ಬರೆಯಲು ಬಿಡಿ. ಹಿಂದೆ ತಾರೀಖು, ಹೊತ್ತು, ಮಳೆ ಬಂತೇ ಇಲ್ಲವೇ ಎಂದು ಬರೆಸಿ. ಮರುದಿನ ಅದೇ ಹೊತ್ತಿಗೆ ಮತ್ತೆ ಕೂರಿಸಿ. ಎರಡು ಕಾಗದ ಪಕ್ಕಪಕ್ಕ ಇಟ್ಟಾಗ ತಮ್ಮ ಊರಿನ ಆಕಾಶ ನಿನ್ನೆಯಂತೆ ಇವತ್ತಿಲ್ಲ ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಅದನ್ನು ಕಂಡ ಮಗುವಿಗೆ ಮುಂದೆ ಹವೆ ಕೆಟ್ಟಿತೆಂದು ಬಣ್ಣದ ಡಬ್ಬಿ ಮುಚ್ಚಬೇಕೆನಿಸುವುದಿಲ್ಲ.